ಕೆರೆಯ ಲೆಕ್ಕಕ್ಕೆ ಹೊಸ ಭಾಷೆ

ಇಪ್ಪತ್ತಾರು ವರ್ಷ ನಾನು ನಮ್ಮೂರ ಪಟ್ಟಣ ಪಂಚಾಯಿತಿಯಲ್ಲಿ ಕೆರೆ ಚೀಟಿ ಅಂಟಿಸಿದ್ದೇನೆ. ದಿನಾ ಸಂಜೆ ಐದಕ್ಕೆ ಕಚೇರಿಯ ಹೊರಗಿನ ಹಲಗೆಯ ಮೇಲೆ ಒಂದು ಸಾಲು: 'ನಾಳೆ ಕೆರೆ: ತಗ್ಗು ಆರು.' ಕೆಲಸ ಇಷ್ಟೇ. ಆದರೆ ಊರಿನವರು ಆ ಒಂದು ಸಾಲು ನೋಡಿಕೊಂಡೇ ಮಾರನೆಯ ದಿನವನ್ನು ಹೊಂದಿಸಿಕೊಳ್ಳುತ್ತಿದ್ದರು. ನಮ್ಮಲ್ಲಿ ತಗ್ಗುಗಳು ಹನ್ನೊಂದು, ಕೆರೆ ಒಂದೇ. ಇವತ್ತು ಇಲ್ಲಿದ್ದರೆ ನಾಳೆ ಅಲ್ಲಿ. ಜನ ಏಳುವುದರೊಳಗೆ ಮೀನು, ಕಪ್ಪೆ ಸಮೇತ ಹೋಗಿ ಕೂತಿರುತ್ತದೆ. ಅದು ಎದ್ದುಹೋದ ತಗ್ಗು ಒಂದು ತಾಸಿನಲ್ಲಿ ಒಣಗುತ್ತದೆ. ಒಣಗಿದ ಜಾಗವನ್ನು ಸುಮ್ಮನೆ ಬಿಡುವ ಜನವಲ್ಲ ನಾವು. ಒಂದರಲ್ಲಿ ಸಂತೆ, ಒಂದರಲ್ಲಿ ಕ್ರಿಕೆಟ್, ಒಂದರಲ್ಲಿ ಸಂಡಿಗೆ-ಹಪ್ಪಳ, ಇನ್ನೊಂದರಲ್ಲಿ ಮದುವೆಯ ಪೆಂಡಾಲು. ಲಗ್ನಪತ್ರಿಕೆಯ ಕೆಳಗೆ 'ಕೆರೆ ಬಂದಲ್ಲಿ ಸ್ಥಳ ಬದಲಾಗುವುದು' ಎಂದು ಅಚ್ಚು ಹಾಕಿಸುವುದು ನಮ್ಮಲ್ಲಿ 'ಆಶೀರ್ವಾದವೇ ಉಡುಗೊರೆ' ಎಂದು ಹಾಕಿಸುವಷ್ಟೇ ಸಾಮಾನ್ಯ. ಅಂಬಿಗರು ದೋಣಿಗಳಿಗೆ ಗಾಲಿ ಕಟ್ಟಿಸಿಕೊಂಡಿದ್ದಾರೆ. ಹೆಣ್ಣು ನೋಡಲು ಬಂದವರಿಗೆ ಯಾರು ಬೇಕಾದರೂ 'ನಮ್ಮದು ಕೆರೆ ದಂಡೆಯ ಮನೆ' ಎಂದು ಹೇಳಬಹುದು; ಹದಿನೈದು ದಿನಕ್ಕೊಮ್ಮೆಯಾದರೂ ಅದು ನಿಜವಾಗುತ್ತದೆ.

ಚೀಟಿಯ ಲೆಕ್ಕ ಹಾಕುತ್ತಿದ್ದದ್ದು ಒಂದು ಪ್ರೋಗ್ರಾಮು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಹುದ್ದಾರ ಮಾಸ್ತರರು ಮೂವತ್ತೊಂದು ವರ್ಷಗಳ ಹಿಂದೆ ಅದನ್ನು ಕೋಬಾಲ್ ಎಂಬ ಭಾಷೆಯಲ್ಲಿ ಬರೆದರು. ವಾರ, ತಿಥಿ, ಹಿಂದಿನ ಹತ್ತು ದಿನ ಕೆರೆ ಎಲ್ಲೆಲ್ಲಿತ್ತು ಎಂಬುದನ್ನು ಕೊಟ್ಟರೆ ನಾಳೆಯ ತಗ್ಗಿನ ನಂಬರು ಬರುತ್ತಿತ್ತು. ಊರಿನಲ್ಲಿ ಆ ಭಾಷೆ ಬಲ್ಲವರು ಮಾಸ್ತರರು, ಅವರು ಕಲಿಸಿದ ನಾನು, ಇಬ್ಬರೇ. ಮಾಸ್ತರರಿಗೆ ವಯಸ್ಸಾದ ಮೇಲೆ ನಾನೊಬ್ಬಳೇ. ಅದರಿಂದ ನನಗೆ ಸಿಗುತ್ತಿದ್ದ ಮರ್ಯಾದೆ ಸಣ್ಣದಾಗಿರಲಿಲ್ಲ. ಪಂಚಾಯಿತಿ ಅಧ್ಯಕ್ಷ ಚನವೀರಪ್ಪನವರೂ ನನ್ನನ್ನು 'ಕಸ್ತೂರಕ್ಕಾರ' ಎಂದೇ ಕರೆಯುತ್ತಿದ್ದರು. ಗಿರಣಿಯಲ್ಲಿ ನನ್ನ ಹಿಟ್ಟಿನ ಡಬ್ಬಿ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ.

ಕಂಪ್ಯೂಟರಿಗೆ ಮಾತ್ರ ಕೊನೆಗಾಲ ಬಂದಿತ್ತು. ಅದನ್ನು ಶುರು ಮಾಡಲು ಎಡಗಡೆ ಎರಡು ಸಲ ತಟ್ಟಬೇಕು, ಆಮೇಲೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಸುಮ್ಮನಿರಬೇಕು. ಬಿಡಿ ಭಾಗಗಳು ಎಲ್ಲಿಯೂ ಸಿಗುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಅಫ್ರೀನ್ ನದಾಫ ನಮ್ಮ ಕಚೇರಿಗೆ ಬಂದಳು. ಇಪ್ಪತ್ತೆಂಟು ವರ್ಷದ ಇಂಜಿನಿಯರು, ಒಂದು ವರ್ಷದ ಕರಾರಿನ ಮೇಲೆ. ಬಂದ ಎರಡನೆಯ ವಾರವೇ ಸಭೆಯಲ್ಲಿ ಎದ್ದು ನಿಂತು, ಕೆರೆ ಪ್ರೋಗ್ರಾಮನ್ನು ಹೊಸ ಭಾಷೆಗೆ ಬದಲಿಸಬೇಕು ಎಂದಳು.

"ಯಾವ ಭಾಷೆವಾ?" ಎಂದರು ಚನವೀರಪ್ಪ.

"ಪೈಥಾನ್ ಅಂತ ಐತ್ರಿ."

"ಅಂದ್ರ?"

"ಅಂದ್ರ... ಹೆಬ್ಬಾವು ಅಂತರಿ."

"ಕೆರಿಗೆ ಹೆಬ್ಬಾವು ಬಿಡೂದ? ಕೆರಿಹಾವು ಅಂತ ಯಾವುದರ ಭಾಷೆ ಐತೇನ ನೋಡವಾ. ಪಾಪದ್ದು, ಯಾರಿಗೂ ತ್ರಾಸಿಲ್ಲ."

ಸದಸ್ಯರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನಕ್ಕು ಮುಗಿಸಿ ಎದ್ದು ನಿಂತು, "ಮೂವತ್ತೊಂದು ವರ್ಷ ನಡದು ಬಂದದ್ದನ್ನ ಯಾಕ ಕೆದರಬೇಕ್ರಿ? ಹೊಸಾ ಭಾಷೆದಾಗ ಒಂದು ಅಂಕಿ ತಪ್ಪಿದ್ರ ಯಾರದರ ಮದುವಿ ನೀರಾಗ ಹೋಗ್ತೈತಿ," ಎಂದೆ.

ಅಫ್ರೀನ್ ಸಿಟ್ಟಾಗಲಿಲ್ಲ. "ಅಕ್ಕಾರ, ಪ್ರೋಗ್ರಾಮ್ ಗಟ್ಟಿ ಐತಿ. ಮಷೀನ್ ಗಟ್ಟಿ ಇಲ್ಲ. ಅದು ನಿಂತ ದಿನಾ ಹೊಸಾ ಮಷೀನಿಗೆ ಈ ಮಾತು ತಿಳಿಯಂಗಿಲ್ಲ. ಅಲ್ಲದ ಇದನ್ನ ಓದಾವ್ರು ನೀವೊಬ್ರ. ನಾಳೆ ನಿಮಗ ಜ್ವರಾ ಬಂದ್ರ?"

"ನನಗ ಜ್ವರಾ ಬರಂಗಿಲ್ಲ," ಎಂದೆ. ಅದನ್ನು ಸಭೆಯ ನಡಾವಳಿಯಲ್ಲಿ ಬರೆದುಕೊಂಡರು.

ಕೊನೆಗೆ ಅಧ್ಯಕ್ಷರು ಒಂದು ತೀರ್ಮಾನಕ್ಕೆ ಬಂದರು. ಅಫ್ರೀನ್‌ಗೆ ಮೂರು ತಿಂಗಳು ಅವಕಾಶ. ಅವಳ ಹೊಸ ಪ್ರೋಗ್ರಾಮಿಗೆ ಹಿಂದಿನ ಐದು ವರ್ಷಗಳ ದಿನಗಳನ್ನು ಕೊಡಬೇಕು. ಅದು ಕೊಡುವ ಉತ್ತರ ನಮ್ಮ ಚೀಟಿ ರಿಜಿಸ್ಟರಿನಲ್ಲಿರುವ ಉತ್ತರದ ಜೊತೆ ಒಂದೂ ತಪ್ಪದೆ ತಾಳೆಯಾಗಬೇಕು. ಆಗದಿದ್ದರೆ ಭಾಷೆಯೂ ಬೇಡ, ಅಫ್ರೀನ್‌ಳ ಕರಾರೂ ಬೇಡ. ಕೇಳಿ ನನಗೆ ಸಮಾಧಾನವಾಯಿತು. ತಾಳೆಯಾಗುವುದಿಲ್ಲವೆಂದು ನನಗೆ ಗೊತ್ತಿತ್ತು. ಯಾಕೆ ಗೊತ್ತಿತ್ತು ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

ಅಫ್ರೀನ್ ಕೆಲಸಕ್ಕೆ ಕೂತಳು. ಸಾಲು ಸಾಲಾಗಿ ನಾನು ಓದಿ ಅರ್ಥ ಹೇಳಬೇಕು, ಅವಳು ತನ್ನ ಭಾಷೆಯಲ್ಲಿ ಬರೆಯಬೇಕು. ಅವಳ ಜಾಣತನ ನನಗೆ ಎರಡನೆಯ ದಿನವೇ ತಿಳಿಯಿತು, ಬೇಸರವೂ ಆಯಿತು. ನಾನು ವರ್ಷಗಟ್ಟಲೆ ಕಣ್ಣು ಮುಚ್ಚಿ ದಾಟಿಬಂದಿದ್ದ ಸಾಲುಗಳ ಮುಂದೆಲ್ಲ ಅವಳು ನಿಂತು 'ಯಾಕ?' ಎನ್ನುತ್ತಿದ್ದಳು. ನಡುವೆ ಒಂದು ಕಡೆ ಬುಧವಾರ ಬಂದರೆ ಎರಡು ಕೂಡಿಸಿ, ಮುಂದಿನ ಸಾಲಿನಲ್ಲೇ ಎರಡು ಕಳೆಯುವ ಲೆಕ್ಕವಿತ್ತು. ಅದರ ಮೇಲೆ ಮಾಸ್ತರರು 'ಇದನ್ನು ಮುಟ್ಟಬಾರದು' ಎಂದು ಟಿಪ್ಪಣಿ ಬರೆದಿದ್ದರು.

"ಕೂಡಿಸಿ ಕಳದ್ರ ಸೊನ್ನಿನ ಅಲ್ರಿ? ಯಾಕ ಮುಟ್ಟಬಾರದು?"

"ಮುಟ್ಟಬಾರದು ಅಂತ ಬರದಾರ, ಅದಕ್ಕ," ಎಂದೆ.

ಇಬ್ಬರೂ ಮಾಸ್ತರರ ಮನೆಗೆ ಹೋದೆವು. ಅವರಿಗೆ ಎಂಬತ್ತನಾಲ್ಕು. ಅಫ್ರೀನ್ ಅಚ್ಚು ಹಾಕಿ ತಂದಿದ್ದ ಹಾಳೆಗಳನ್ನು ಕನ್ನಡಕದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ನೋಡುತ್ತ ನೋಡುತ್ತ ಮುಖ ಕೆಂಪಾಯಿತು.

"ಯಾವ ಮೂರ್ಖ ಬರದಾನ ಇದನ್ನ?"

"ನೀವ ಸರ್," ಎಂದಳು ಅಫ್ರೀನ್, ಮೆಲ್ಲಗೆ.

ಮಾಸ್ತರರು ಹಾಳೆಯನ್ನು ಮತ್ತೆ ಮೇಲಿಂದ ಕೆಳಗೆ ನೋಡಿದರು. "ಹಂಗಿದ್ರ ಏನರ ಕಾರಣ ಇದ್ದೀತು. ಮುಟ್ಟಬ್ಯಾಡ್ರಿ," ಎಂದು ಹಾಳೆ ವಾಪಸು ಕೊಟ್ಟು ಅವಲಕ್ಕಿ ತರಿಸಿದರು. ಅಫ್ರೀನ್ ಆ ಎರಡು ಸಾಲುಗಳನ್ನೂ ಇದ್ದ ಹಾಗೆಯೇ ಹೆಬ್ಬಾವಿನ ಹೊಟ್ಟೆಗೆ ಹಾಕಿದಳು.

ಎರಡನೆಯ ತಿಂಗಳಿಗೆ ಹೊಸ ಪ್ರೋಗ್ರಾಮು ಸಿದ್ಧವಾಯಿತು. ರಿಜಿಸ್ಟರಿನ ಜೊತೆ ತಾಳೆ ಹಾಕಿದಳು. ಹನ್ನೆರಡು ದಿನಕ್ಕೆ ಒಂದರಂತೆ ಉತ್ತರ ತಪ್ಪುತ್ತಿತ್ತು. ಅವಳು ಮೊದಲಿನಿಂದ ಎಲ್ಲ ಸಾಲುಗಳನ್ನು ಓದಿದಳು, ಮತ್ತೊಮ್ಮೆ ಬರೆದಳು, ಮತ್ತೆ ತಾಳೆ ಹಾಕಿದಳು. ಅವೇ ದಿನಗಳು, ಅವೇ ತಪ್ಪುಗಳು. ಹುಡುಗಿ ಊಟ ಬಿಟ್ಟಳು. ಕಣ್ಣ ಕೆಳಗೆ ಕಪ್ಪಾಯಿತು. ನೋಡಲಾರದೆ ನಾನು ಮನೆಯಿಂದ ಅವಳಿಗೂ ಒಂದು ಡಬ್ಬಿ ರೊಟ್ಟಿ-ಪಲ್ಯ ತರತೊಡಗಿದೆ. "ಅಕ್ಕಾರ, ನನ್ನ ಕಡೆ ಎಲ್ಲೆ ತಪ್ಪೈತಿ ತಿಳಿಯವಲ್ದು," ಎಂದು ಅವಳು ರೊಟ್ಟಿ ಮುರಿಯುತ್ತ ಹೇಳುವಾಗ ನಾನು ಅವಳ ಡಬ್ಬಿಗೆ ಇನ್ನಷ್ಟು ಪಲ್ಯ ಹಾಕುತ್ತಿದ್ದೆ. ಆದರೂ ಬಾಯಿ ಬಿಡಲಿಲ್ಲ. ಇನ್ನು ಮೂರು ವಾರ ಸುಮ್ಮನಿದ್ದರೆ ಸಾಕು, ನನ್ನ ಕುರ್ಚಿ ಉಳಿಯುತ್ತಿತ್ತು.

ಒಂದು ದಿನ ಮಧ್ಯಾಹ್ನ ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ನನ್ನ ಮೇಜಿಗೆ ಬಂದಳು. ಏನಾದರೂ ಸುಳಿವು ಸಿಗಲಿ ಎಂದು ಕಚೇರಿಯ ಎಲ್ಲ ರಿಜಿಸ್ಟರುಗಳನ್ನೂ ಅದಕ್ಕೆ ತುಂಬಿ ನೋಡಿದ್ದಳಂತೆ, ಹಾಜರಿ ಪುಸ್ತಕ ಸಮೇತ.

"ಅಕ್ಕಾರ, ಒಂದು ವಿಚಿತ್ರ ಸಿಕ್ಕೈತಿ. ನೀವು ರಜಾ ಇದ್ದ ದಿನಾ ನನ್ನ ಉತ್ತರ ಒಂದೂ ತಪ್ಪಂಗಿಲ್ಲ. ನಿಮ್ಮ ರಜಾಕ್ಕೂ ಕೆರಿಗೂ ಏನರ ಸಂಬಂಧ ಐತೇನ್ರಿ?"

ಅವಳ ಮುಖದಲ್ಲಿ ಅನುಮಾನವಿರಲಿಲ್ಲ. ಅಷ್ಟು ಜಾಣೆಗೆ ನನ್ನ ಮೇಲೆ ಅನುಮಾನ ಬಂದಿರಲಿಲ್ಲ, ಅದೇ ನನ್ನನ್ನು ಮುರಿಯಿತು. ಬಾಗಿಲು ಹಾಕಿ ಬಂದು ಕೂತು ಹೇಳಿದೆ.

ನಾನು ಕೆಲಸಕ್ಕೆ ಸೇರಿದ ಮೂರನೆಯ ವರ್ಷದ ಮಾತು. ಕಚೇರಿಯ ಮೇಜಿನ ಬಟ್ಟೆ, ಪರದೆಗಳನ್ನು ಒಗೆದು ತರುತ್ತಿದ್ದವಳು ಮಡಿವಾಳರ ದುರಗವ್ವ. ಒಂದು ಸಂಜೆ ನಾನು 'ತಗ್ಗು ಐದು' ಎಂಬ ಚೀಟಿ ಹಿಡಿದು ಹೊರಟಾಗ ಅವಳು, "ಯವ್ವಾ, ಅದು ಐದಕ್ಕ ಹೋಗಂಗಿಲ್ಲ, ಎಂಟಕ್ಕ ಹೋಗ್ತೈತಿ," ಎಂದಳು. ನಾನು ಲಕ್ಷ್ಯ ಕೊಡಲಿಲ್ಲ. ಮಾರನೆಯ ದಿನ ಎಂಟರಲ್ಲಿ ಸಂತೆ. ಬದನೆಕಾಯಿ ತೇಲಿದವು, ಉಳ್ಳಾಗಡ್ಡಿ ಮುಳುಗಿತು. ಅಂದಿನಿಂದ ಚೀಟಿ ಅಂಟಿಸುವ ಮುಂಚೆ ದುರಗವ್ವನಿಗೆ ನಂಬರು ಹೇಳುತ್ತಿದ್ದೆ. ಸರಿಯಿದ್ದರೆ 'ಹ್ಞೂಂ' ಎಂದು ಹೋಗುತ್ತಿದ್ದಳು. ಇಲ್ಲದಿದ್ದರೆ ಎಲೆ-ಅಡಿಕೆ ಜಗಿಯುತ್ತ ಅಲ್ಲೇ ನಿಲ್ಲುತ್ತಿದ್ದಳು, ಕೇಳಿದರೆ ಬೇರೆ ನಂಬರು ಹೇಳುತ್ತಿದ್ದಳು. ನಾನು ಆ ನಂಬರನ್ನೇ ಚೀಟಿಯಲ್ಲೂ ರಿಜಿಸ್ಟರಿನಲ್ಲೂ ಬರೆದು, ನನ್ನ ಸ್ವಂತ ವಹಿಯಲ್ಲಿ ಆ ತಾರೀಖಿನ ಪಕ್ಕ ಪೆನ್ಸಿಲ್ಲಿನಿಂದ ಒಂದು ಚುಕ್ಕಿ ಇಡುತ್ತಿದ್ದೆ. ಅವಳು ಹೇಳಿದ್ದು ಒಂದು ಸಲವೂ ಸುಳ್ಳಾಗಲಿಲ್ಲ. ನಾನು ರಜೆ ಹಾಕಿದ ದಿನ ಮಾತ್ರ ಗುಮಾಸ್ತರು ಯಂತ್ರ ಹೇಳಿದ್ದನ್ನೇ ಅಂಟಿಸುತ್ತಿದ್ದರು, ಒಮ್ಮೊಮ್ಮೆ ಯಾರದಾದರೂ ಹಪ್ಪಳ ನೆನೆಯುತ್ತಿತ್ತು. ಊರು 'ಕಸ್ತೂರಕ್ಕಾರ ಇಲ್ಲಂದ್ರ ಯಂತ್ರಾನೂ ಮಾತು ಕೇಳಂಗಿಲ್ಲ' ಎನ್ನುತ್ತಿತ್ತು. ಕೇಳಲು ಹಿತವಾಗಿತ್ತು.

ಅಫ್ರೀನ್ ಲ್ಯಾಪ್‌ಟಾಪ್ ಮುಚ್ಚಿ, "ಅಂದ್ರ ಒಂದು ತಿಂಗಳಿಂದ ನಾ ನನ್ನ ಕೋಡಿನಾಗ ದುರಗವ್ವನ್ನ ಹುಡುಕಾಕತ್ತಿದ್ನೇನ್ರಿ?" ಎಂದು ನಕ್ಕಳು. ನಗುತ್ತಿದ್ದವಳ ಕಣ್ಣಲ್ಲಿ ನೀರು ಬಂತು. "ದಿನಾ ಡಬ್ಬಿ ಕಟಗೊಂಡು ಬಂದ್ರಿ. ಇದೊಂದು ಮಾತು ಹೇಳಲಿಲ್ಲ ನೀವು."

ಸಭೆಯಲ್ಲಿ ನಾನೇ ಹೇಳುತ್ತೇನೆ ಎಂದೆ.

ಹೇಳಿದೆ. ಚನವೀರಪ್ಪ ಮೇಜಿನ ಮೇಲೆ ಎರಡೂ ಕೈ ಊರಿದರು. "ಸರಕಾರಿ ಚೀಟಿ ತಿದ್ದೀರಿ?"

"ತಿದ್ದೀನ್ರಿ."

"ಎಷ್ಟು ಸಲ?"

"ಏಳುನೂರಾ ಹನ್ನೆರಡು ಸಲರಿ. ಚುಕ್ಕಿ ಅದಾವು."

ಒಬ್ಬ ಸದಸ್ಯರು ನನ್ನನ್ನು ಅಮಾನತು ಮಾಡಬೇಕೆಂದರು. ಇನ್ನೊಬ್ಬರು, ಅಮಾನತು ಮಾಡಿದರೆ ನಾಳೆ ಆ ಯಂತ್ರಕ್ಕೆ ಎಡಗಡೆ ತಟ್ಟುವವರು ಯಾರು ಎಂದು ಕೇಳಿದರು. ಅಫ್ರೀನ್ ಎದ್ದು, "ದುರಗವ್ವನ್ನ ಒಂದು ಸಲ ಕೇಳಿ ನೋಡ್ರಿ," ಎಂದಳು. ಕರೆಸಿದರು. ಅವತ್ತು ಹಳೆಯ ಪ್ರೋಗ್ರಾಮೂ ಹೊಸ ಪ್ರೋಗ್ರಾಮೂ ನಾಳೆಗೆ 'ತಗ್ಗು ಏಳು' ಎಂದಿದ್ದವು.

ದುರಗವ್ವ ಹೊಸ್ತಿಲ ಹೊರಗೇ ನಿಂತು, "ಮೂರಕ್ಕ ಬರ್ತೈತಿ," ಎಂದಳು.

ಸದಸ್ಯರೆಲ್ಲ ಅಧ್ಯಕ್ಷರ ಕಡೆ ತಿರುಗಿದರು. ಮೂರನೆಯ ತಗ್ಗಿನಲ್ಲಿ ಮಾರನೆಯ ದಿನ ಚನವೀರಪ್ಪನವರ ಅರವತ್ತರ ಸನ್ಮಾನ ಸಮಾರಂಭ. ಪೆಂಡಾಲು ಎದ್ದಿತ್ತು, ಆರು ನೂರು ಕುರ್ಚಿ ಬಂದಿದ್ದವು, ಇಪ್ಪತ್ತು ಅಡಿ ಎತ್ತರದ ಕಟೌಟಿನಲ್ಲಿ ಅಧ್ಯಕ್ಷರು ಊರಿಗೆಲ್ಲ ಕೈಮುಗಿದು ನಿಂತಿದ್ದರು.

"ಎರಡು ಮಷೀನು ಏಳು ಅಂತಾವು. ಒಬ್ಬಾಕಿ ಮುದುಕಿ ಮೂರು ಅಂತಾಳ," ಎಂದರು ಚನವೀರಪ್ಪ. "ಏಳು ಅಂತ ಹಚ್ಚರಿ ಚೀಟಿ."

ಹಚ್ಚಿದೆವು. ದುರಗವ್ವ ಹೋಗುವಾಗ, "ಕುರ್ಚಿ ಹಗುರದಾವಾ, ಭಾರದಾವಾ?" ಎಂದು ನನ್ನನ್ನು ಕೇಳಿದಳು. ಪ್ಲಾಸ್ಟಿಕ್ಕಿನವು ಎಂದೆ. "ಹಂಗಿದ್ರ ಸಿಗ್ತಾವ ತಗೋ," ಎಂದಳು.

ಸಿಕ್ಕವು. ಅಂಬಿಗರು ಗಾಲಿ ಬಿಚ್ಚಿ ದೋಣಿ ಇಳಿಸಿ ಮಧ್ಯಾಹ್ನದವರೆಗೆ ಕುರ್ಚಿ ಹಿಡಿದರು. ಕಟೌಟು ಆಕಾಶಕ್ಕೆ ಕೈಮುಗಿದುಕೊಂಡು ಕೆರೆಯ ನಡುವೆ ತೇಲುತ್ತಿತ್ತು, ಅದರ ಹೊಟ್ಟೆಯ ಮೇಲೆ ಎರಡು ಬೆಳ್ಳಕ್ಕಿ ಕೂತಿದ್ದವು. ಕರೆದ ಜನ ಬಂದಾಗಿತ್ತು, ಶಾಲು-ಹಾರ ಬಂದಾಗಿತ್ತು. ಚನವೀರಪ್ಪನವರು ದೋಣಿಯಲ್ಲಿ ನಿಂತೇ ಶಾಲು ಹೊದಿಸಿಕೊಂಡರು. ಭಾಷಣ ಮಾಡುವಾಗ ಅಲುಗಾಡುತ್ತಿದ್ದರಿಂದ ಭಾಷಣ ಸಣ್ಣದಾಯಿತು. ಇಷ್ಟು ಚೆನ್ನಾದ ಸಮಾರಂಭ ಈ ಊರಿನಲ್ಲಿ ಆಗಿರಲಿಲ್ಲ ಎಂದು ಜನ ಆಡಿಕೊಂಡರು. ಬಹುಶಃ ಅದರಿಂದಲೇ ಮರುದಿನದ ಸಭೆಯಲ್ಲಿ ಅವರ ಸಿಟ್ಟು ಇಳಿದಿತ್ತು.

"ಈಗ ಏನಂತೀಯವಾ?" ಎಂದು ಅಫ್ರೀನ್‌ಳನ್ನು ಕೇಳಿದರು. "ಹಳೇದು ಇರಲ್ಯೋ, ಹೊಸಾದು ಬರಲ್ಯೋ?"

"ಹಳೇದನ್ನ ಬರೇ ಹಂಗ ನಕಲು ಮಾಡಿದ್ರ ಅದರ ತಪ್ಪೂ ನಕಲು ಆಗ್ತಾವ್ರಿ. ಊರು ಇಷ್ಟು ವರ್ಷ ನಂಬಿದ್ದು ಪ್ರೋಗ್ರಾಮ್ ಒಂದನ್ನ ಅಲ್ಲ. ಅದು, ಕಸ್ತೂರಕ್ಕಾರು, ದುರಗವ್ವ, ಮೂರೂ ಕೂಡಿದ್ದು."

ಚನವೀರಪ್ಪ ನನ್ನ ಕಡೆ ಒಮ್ಮೆ, ಬಾಗಿಲ ಕಡೆ ಒಮ್ಮೆ ನೋಡಿದರು. "ಹಂಗಿದ್ರ ಮುದುಕಿನ್ನೂ ಸೇರಿಸಿ ಬದಲಿ ಮಾಡು," ಎಂದರು. ನನಗೆ ಶಿಕ್ಷೆ ಎಂದು, ಆ ಏಳುನೂರಾ ಹನ್ನೆರಡು ಚುಕ್ಕಿಗಳ ವಿವರವನ್ನು ಒಂದೂ ಬಿಡದೆ ಅಫ್ರೀನ್‌ಗೆ ಬರೆದು ಕೊಡಲು ಹೇಳಿದರು. ಅದು ಶಿಕ್ಷೆಯಾಗಲಿಲ್ಲ. ನನ್ನ ಕೆಲಸದ ಬಗ್ಗೆ ಒಬ್ಬರು ಅಷ್ಟು ಆಸ್ಥೆಯಿಂದ ಕೇಳಿದ್ದು ಅದೇ ಮೊದಲು. ಬರೆಯುವ ನಡುನಡುವೆ ಅವಳು ನನಗೆ ತನ್ನ ಭಾಷೆಯನ್ನೂ ಕಲಿಸಿದಳು. ಐವತ್ತಮೂರನೆಯ ವಯಸ್ಸಿನಲ್ಲಿ ನಾನು ಬರೆದ ಮೊದಲ ಹೊಸ ಸಾಲು ಓಡಿದಾಗ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಹಳೆಯ ಯಂತ್ರ ಒಂದು ಗುರುವಾರ ತಟ್ಟಿದರೂ ಏಳಲಿಲ್ಲ. ಶುಕ್ರವಾರದಿಂದ ಹೊಸದು. ಅಫ್ರೀನ್ ಅದನ್ನು ಹೀಗೆ ಮಾಡಿದ್ದಳು: ಸಂಜೆ ಲೆಕ್ಕವೆಲ್ಲ ಮುಗಿದ ಮೇಲೆ ಅದು ತನ್ನ ನಂಬರು ತೋರಿಸಿ ನಿಲ್ಲುತ್ತದೆ. ಪರದೆಯ ಮೇಲೆ 'ದುರಗವ್ವ ಏನಂದಳು?' ಎಂಬ ಪ್ರಶ್ನೆ ಬರುತ್ತದೆ. ಉತ್ತರ ತುಂಬಿದರೆ ಮಾತ್ರ ಚೀಟಿ. ಮೊದಲ ದಿನ ನೋಡಲು ಹುದ್ದಾರ ಮಾಸ್ತರರು ಆಟೋದಲ್ಲಿ ಬಂದರು. ಅಧ್ಯಕ್ಷರು ಬಂದರು. ಕಿಟಕಿಯ ಹೊರಗೆ ಊರೇ ನೆರೆದಿತ್ತು. ಯಂತ್ರ 'ನಾಲ್ಕು' ಎಂದಿತು. ದುರಗವ್ವ ಕೆರೆ ದಂಡೆಯಿಂದ ನೇರ ಬಂದಳು, ಕೈ ಇನ್ನೂ ಒದ್ದೆ.

"ಗೊತ್ತಾಗವಲ್ದು," ಎಂದಳು.

ಅಫ್ರೀನ್ ನನ್ನ ಮುಖ ನೋಡಿದಳು. ಅವಳು ಆ ಪ್ರಶ್ನೆಗೆ ಒಂದರಿಂದ ಹನ್ನೊಂದರವರೆಗೆ ಮಾತ್ರ ಜಾಗ ಬಿಟ್ಟಿದ್ದಳು.

"ಏನರ ಒಂದು ಹೇಳವಾ, ಜನಾ ಕಾಯಾಕತ್ತಾರ," ಎಂದರು ಚನವೀರಪ್ಪ.

"ಸುಳ್ಳು ಹೇಳಂತೀರೇನ್ರಿ? ವರ್ಷಾ ಎರಡು ವರ್ಷಕ್ಕ ಒಂದೊಂದು ದಿನಾ ಹಿಂಗ ಇರ್ತೈತಿ. ಮೊದಲ ಈ ಅಕ್ಕಾರು ಯಂತ್ರದ್ದ ಹಚ್ತಿದ್ರು, ನಾನೂ ಸುಮ್ನ ಹೋಗ್ತಿದ್ದೆ. ಈಗ ನನ್ನ ಹೆಸರು ಹಾಕಿ ಕೇಳೀರಿ. ನನಗ ಗೊತ್ತಿಲ್ಲ."

ಕಿಟಕಿಯ ಹೊರಗೆ ಗದ್ದಲ ಶುರುವಾಯಿತು. ನಾಲ್ಕು ಎಂದೇ ಅಂಟಿಸಿಬಿಡಿ ಎಂದು ಅಧ್ಯಕ್ಷರು ನನಗೆ ಕಣ್ಸನ್ನೆ ಮಾಡಿದರು. ಅಭ್ಯಾಸದ ಕೈ, ಹಾಳೆಯ ಕಡೆಗೆ ಹೋಯಿತು ಕೂಡ. ಆಮೇಲೆ ಅಫ್ರೀನ್‌ಳ ಹೆಗಲ ಮೇಲೆ ಕೈಯಿಟ್ಟು, "ಇನ್ನೊಂದು ಉತ್ತರಕ್ಕ ಜಾಗಾ ಮಾಡವಾ," ಎಂದೆ. ಅವಳು ಮಾಡಿದಳು. ಹತ್ತು ನಿಮಿಷ ಹಿಡಿಯಿತು. ಐದೂಕಾಲಿಗೆ ನಾನು ಹೊರಗೆ ಹೋಗಿ ಚೀಟಿ ಅಂಟಿಸಿದೆ: 'ನಾಳೆ ಕೆರೆ: ಗೊತ್ತಿಲ್ಲ.'

ಬೈದವರಿದ್ದಾರೆ. ಸಂತೆಯವರು ಗಂಟು ಕಟ್ಟಿದರು, ಹೆಂಗಸರು ಸಂಡಿಗೆಯನ್ನು ಮಾಳಿಗೆಗೆ ಹೊತ್ತರು, ಒಂದು ನಿಶ್ಚಿತಾರ್ಥ ಶಾಲೆಯ ವರಾಂಡಕ್ಕೆ ಹೋಯಿತು. ಹನ್ನೊಂದು ತಗ್ಗೂ ಖಾಲಿಯಾದವು, ಕೆರೆ ಕೂತಿದ್ದ ಒಂದನ್ನು ಬಿಟ್ಟು. ಮತ್ತು ನಂಬರಿಲ್ಲದ ಮೇಲೆ ಉಳಿದದ್ದು ಕಣ್ಣಾರೆ ನೋಡುವ ಒಂದೇ ದಾರಿಯಾದ್ದರಿಂದ, ಬೆಳಕು ಹರಿಯುವ ಮುಂಚೆ ಊರಿಗೆ ಊರೇ ಎದ್ದು ನೀರಿನ ಟ್ಯಾಂಕಿನ ದಿಬ್ಬದ ಮೇಲೆ ಬಂದು ನಿಂತಿತು. ಮಾಸ್ತರರನ್ನು ಕುರ್ಚಿಯಲ್ಲಿ ಕೂಡಿಸಿ ಹೊತ್ತು ತಂದಿದ್ದರು. ಬಟ್ಟೆಯ ಗಂಟಿನೊಡನೆ ಬಂದ ದುರಗವ್ವ ನಮ್ಮನ್ನೆಲ್ಲ ನೋಡಿ ಬೆಚ್ಚಿದಳು. "ಇದೇನ, ಎಲ್ಲಾರೂ? ನಾ ದಿನಾ ಒಬ್ಬಾಕೆನ ಇರ್ತಿದ್ನೆಲ್ಲ."

ಮೂಡಲು ಬೆಳ್ಳಗಾಗುವಾಗ ಕೆರೆ ಎದ್ದಿತು. ಸದ್ದಿಲ್ಲ. ತಗ್ಗಿನ ಅಂಚಿಗೆ ಬಂದು, ದಾಟಿ, ರಸ್ತೆಗೆ ಇಳಿಯಿತು. ಬಸ್ ನಿಲ್ದಾಣದ ಮುಂದಿನಿಂದ ಹಾಯ್ದು ಬಂತು, ಒಳಗಿನ ಮೀನುಗಳ ಬೆನ್ನು ಬೀದಿದೀಪಕ್ಕೆ ಮಿಂಚುತ್ತಿತ್ತು. ನಾಲ್ಕಕ್ಕೂ ಒಂಬತ್ತಕ್ಕೂ ದಾರಿ ಒಡೆಯುವ ಕೂಟಿನಲ್ಲಿ ನಿಂತಿತು. ಬಹಳ ಹೊತ್ತು ನಿಂತಿತು. ಅತ್ತ ಸ್ವಲ್ಪ ಹರಿಯಿತು, ಹಿಂದೆ ಬಂತು. ಇತ್ತ ಸ್ವಲ್ಪ ಹರಿಯಿತು. ಅಫ್ರೀನ್ ನಂಬರು ಬರೆದುಕೊಳ್ಳಲು ತಂದ ವಹಿ ಅವಳ ಕೈಯಲ್ಲಿ ಹಾಗೆಯೇ ಇತ್ತು.

"ನಾ ಇದನ್ನ ಎಂದೂ ನೋಡೇ ಇರಲಿಲ್ಲ," ಎಂದರು ಮಾಸ್ತರರು. "ಬರೇ ಕಾಗದದಾಗ ನೋಡೇನಿ." ಕುರ್ಚಿಯ ಕೈ ಹಿಡಿದು ಎದ್ದು ನಿಲ್ಲಲು ನೋಡಿದರು. ನಾನೂ ಅಫ್ರೀನೂ ಎರಡು ಕಡೆ ಹಿಡಿದುಕೊಂಡೆವು.

ಕೆರೆ ಕೊನೆಗೆ ಒಂಬತ್ತರ ಕಡೆ ತಿರುಗಿತು. ದುರಗವ್ವ ಸೀರೆ ಎತ್ತಿ ಕಟ್ಟಿ, ಗಂಟು ತಲೆಗೇರಿಸಿಕೊಂಡು ದಿಬ್ಬ ಇಳಿದಳು, ಎಮ್ಮೆಯ ಪಕ್ಕ ನಡೆಯುವ ಹಾಗೆ ಅದರ ಪಕ್ಕದಲ್ಲಿ ನಡೆಯತೊಡಗಿದಳು. ನಾವೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು ಅವಳ ಹಿಂದೆ ಹೊರಟೆವು.